ಬರುವ ಮೊದಲೇ ಬಂದವನು

ಜಂಗಮಕೋಟೆ ಕ್ರಾಸಿನ ಟೀ ಅಂಗಡಿಗಳಲ್ಲಿ ಇತ್ತೀಚೆಗೆ ಜಮೀನಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಕೈಗಾರಿಕೆಗೆಂದು ಕೆಐಎಡಿಬಿಯವರು ಹೋಬಳಿಯ 13 ಹಳ್ಳಿಗಳಲ್ಲಿ 2,800 ಎಕರೆಗೂ ಮೇಲ್ಪಟ್ಟು ಭೂಮಿ ಕೇಳಿದ ಮೇಲೆ, ಕೊಡುತ್ತೇವೆ ಅನ್ನುವವರು ಒಂದು ಬೆಂಚು, ಕೊಡೆವು ಅನ್ನುವವರು ಇನ್ನೊಂದು ಬೆಂಚು. ಮಾತು ಕಾವೇರಿ, ಹಿರಿಯರೊಬ್ಬರು ಲೋಟ ಕೆಳಗಿಟ್ಟು ಇನ್ನೇನು ತೀರ್ಮಾನದ ಮಾತು ಆಡಬೇಕು, ಅಷ್ಟರಲ್ಲಿ ವಿಜಯಪುರದ ಕಡೆಯಿಂದ ಒಂದು ಸದ್ದು ಏಳುತ್ತದೆ. ಹಿರಿಯರ ತುಟಿ ಅಲ್ಲಾಡುತ್ತದೆ, ಮಾತು ಮಾತ್ರ ಯಾರಿಗೂ ಮುಟ್ಟುವುದಿಲ್ಲ. ಅವರು ಕೊಡಿ ಅಂದರೋ ಕೊಡಬೇಡಿ ಅಂದರೋ ಎಂಬುದು ಈವರೆಗೂ ಇತ್ಯರ್ಥವಾಗಿಲ್ಲ.

“ಸೌಂಡು ಬಂದ” ಅನ್ನುತ್ತಾನೆ ಟೀ ಅಂಗಡಿಯವನು. ಕಾರು ಕಾಣಿಸುವುದು ಆಮೇಲೆ.

ಸೌಂಡು ಅನ್ನುವುದು ಮನೆಯವರು ಇಟ್ಟ ಹೆಸರಲ್ಲ. ಇವನು ಒಬ್ಬನೂ ಅಲ್ಲ. ಶಿಡ್ಲಘಟ್ಟದಲ್ಲಿ ಒಬ್ಬನಿದ್ದಾನೆ, ಚಿಂತಾಮಣಿಯಲ್ಲಿ ಇಬ್ಬರು ಮೂವರು, ಗೌರಿಬಿದನೂರಿನಲ್ಲಿ ಅಣ್ಣ ತಮ್ಮ ಇಬ್ಬರೂ ಅದೇ. ವಯಸ್ಸು ಮೂವತ್ತರೊಳಗೆ. ಓದಿದ್ದು ಡಿಪ್ಲೊಮಾ, ಎರಡು ಸಬ್ಜೆಕ್ಟು ಇನ್ನೂ ಬಾಕಿ. ಏನು ಕೆಲಸ ಅಂದರೆ “ತೋಟ ಇದೆಯಲ್ಲ” ಅನ್ನುತ್ತಾನೆ. ತೋಟದಲ್ಲಿ ಕೆಲಸ ಮಾಡುವವರು ಅಪ್ಪ. ಕಾರು ಸೆಕೆಂಡ್ ಹ್ಯಾಂಡ್ ಸ್ವಿಫ್ಟು, 2014ರ ಮಾಡೆಲ್ಲು, ಪೆಟ್ರೋಲು, 1,197 ಸಿಸಿ. ಕಂಪನಿ ಕೊಟ್ಟದ್ದು 80ರ ಮೇಲೆ ಚಿಲ್ಲರೆ ಅಶ್ವಶಕ್ತಿ. ಉಳಿದದ್ದು ತನ್ನ ಕೈಲಿದೆ ಎಂಬುದು ಅವನ ನಂಬಿಕೆ.

ಈ ಗೀಳು ಅಂಟಿದ್ದು ನಂದಿಬೆಟ್ಟದಲ್ಲಿ. ಭಾನುವಾರ ಬೆಳಗಿನ ಜಾವ ಬೆಂಗಳೂರಿನ ದುಡ್ಡಿರುವ ಮಕ್ಕಳೆಲ್ಲ ಬಳ್ಳಾರಿ ರಸ್ತೆ ಹಿಡಿದು 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ಸೂರ್ಯೋದಯ ನೋಡಲು ಬರುತ್ತಾರಷ್ಟೆ. ಅವರ ಗಾಡಿಗಳಿಗೆ ಸ್ಲೊವೇನಿಯಾದ ಅಕ್ರಪೋವಿಚ್ ಎಕ್ಸಾಸ್ಟು. ಇಗೊರ್ ಅಕ್ರಪೋವಿಚ್ ಎಂಬ ಮಾಜಿ ಬೈಕ್ ರೇಸುಗಾರ 1990ರಲ್ಲಿ ಶುರು ಮಾಡಿದ ಕಂಪನಿ ಅದು. ನಮ್ಮವನಿಗೆ ಅಂದು ಸೂರ್ಯ ಕಾಣಲಿಲ್ಲ, ಪಾರ್ಕಿಂಗಿನಲ್ಲೇ ನಿಂತುಬಿಟ್ಟ. ಮಾರನೇ ದಿನ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಅಕ್ರಪೋವಿಚ್ಚಿನ ಬೆಲೆ ಕೇಳಿ, ಅಕ್ರಪೋವಿಚ್ ಸ್ಟಿಕ್ಕರು ಕೊಂಡು ಬಂದ. ಸ್ಟಿಕ್ಕರಿನಲ್ಲಿ ಒಂದಕ್ಷರ ಕಮ್ಮಿ ಇದೆ, ಆದರೆ ಹೊಳಪು ಚೆನ್ನಾಗಿದೆ.

ಪೈಪು ಮಾಡಿಕೊಟ್ಟದ್ದು ಕ್ರಾಸಿನ ವೆಲ್ಡಿಂಗ್ ಅಂಗಡಿ. ಬೋರ್‌ವೆಲ್ ಕ್ಲಾಂಪು, ಟ್ರ್ಯಾಕ್ಟರ್ ಟ್ರೈಲರು, ದ್ರಾಕ್ಷಿ ಚಪ್ಪರದ ಕಂಬ ಮಾಡುವ ಕೈ ಅದು; ತಪ್ಪು ಹುಡುಕುವ ಹಾಗಿಲ್ಲ. ಮೇಸ್ತ್ರಿ ಕಾರಿನ ಅಡಿ ಮಲಗಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಗ್ಯಾಸ್ ಬೆಂಕಿ ಹಿಡಿದು, ಕೆಂಪಾದ ಮೇಲೆ ತಿರುವಿದ. ಹಳೇ ಸೈಲೆನ್ಸರು ಧಡಾರನೆ ನೆಲಕ್ಕೆ ಬಿತ್ತು. ಒಳಗೆ ಏನಿದೆ ನೋಡೋಣ ಅಂತ ಗ್ರೈಂಡರಿನಲ್ಲಿ ಸೀಳಲು ಹೊರಟವನನ್ನು ನಮ್ಮವನೇ ತಡೆದ, ಎಫ್‌ಸಿಗೆ ಬೇಕಾಗುತ್ತದೆ. ಅಷ್ಟು ಮುಂದಾಲೋಚನೆ ಇದೆ. ಆಮೇಲೆ ಎರಡೂವರೆ ಇಂಚಿನ ಪೈಪಿಗೆ ಒಣ ಮರಳು ಗಿಡಿದು, ಎರಡೂ ಬಾಯಿ ಮುಚ್ಚಿ, ಕಾಯಿಸಿ ಬಗ್ಗಿಸಿದರು. ಮರಳು ತುಂಬಿದ್ದರಿಂದ ತಿರುವಿನಲ್ಲಿ ಪೈಪು ಚಪ್ಪಟೆಯಾಗಲಿಲ್ಲ. ಮೇಸ್ತ್ರಿ ಬೀಡಿ ಹಚ್ಚಿ ಬೆಸುಗೆಯ ಮೇಲೆ ಉಗುರು ಆಡಿಸಿ, “ಇದು ಕಾರು ಹೋದಮೇಲೂ ಇರತ್ತೆ” ಅಂದ.

ಸ್ಟಾರ್ಟ್ ಮಾಡಿದ್ದೇ ತಡ, ಪಕ್ಕದ ಕೋಳಿ ಅಂಗಡಿಯ ಪಂಜರದಲ್ಲಿ ಗಲಾಟೆ ಎದ್ದಿತು.

ಸದ್ದು ಹೆಚ್ಚಿದರೆ ಓಟ ಹೆಚ್ಚಿತೆ? ನಮ್ಮವನ ಸಿದ್ಧಾಂತ ಸರಳ: ಹೊಗೆ ಸಲೀಸಾಗಿ ಹೋದರೆ ಇಂಜಿನ್ನು ಸಲೀಸಾಗಿ ತಿರುಗುತ್ತದೆ. ಇದರಲ್ಲಿ ಅರ್ಧ ನಿಜ. ಸುಟ್ಟ ಗಾಳಿ ಒಂದೇ ಧಾರೆಯಾಗಿ ಹೊರಬರುವುದಿಲ್ಲ, ಒಂದೊಂದು ಸಿಲಿಂಡರಿನಿಂದ ಒಂದೊಂದು ಏಟಾಗಿ ಬರುತ್ತದೆ. ಮುಂದೆ ಹೋದ ಏಟು ತನ್ನ ಹಿಂದೆ ಒತ್ತಡ ತಗ್ಗಿಸಿ ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳಬೇಕು. ಈ ಲೆಕ್ಕಕ್ಕಾಗಿಯೇ ರೇಸಿನವರು ನಾಲ್ಕು ಕೊಳವೆಯನ್ನು ಎರಡಕ್ಕೆ, ಎರಡನ್ನು ಒಂದಕ್ಕೆ ಸೇರಿಸುವ ಹೆಡರು ಮಾಡಿ, ಉದ್ದವನ್ನು ಅಳೆದು ಕೂಡಿಸುತ್ತಾರೆ, ಜೊತೆಗೆ ಇಂಜಿನ್ನಿನ ಕಂಪ್ಯೂಟರನ್ನೂ ತಿದ್ದುತ್ತಾರೆ. ಸಣ್ಣ ಇಂಜಿನ್ನಿಗೆ ದಪ್ಪ ಪೈಪು ಹಾಕಿದರೆ ಹೊಗೆಯ ವೇಗ ಇಳಿದು ಆ ಎಳೆತವೇ ಹೋಗುತ್ತದೆ. ಮೇಲಿನ ಸುತ್ತಿನಲ್ಲಿ ಎರಡು ಮೂರು ಅಶ್ವಶಕ್ತಿ ಸಿಕ್ಕರೆ ಪುಣ್ಯ, ಕೆಳಗಿನ ಸುತ್ತಿನಲ್ಲಿ ಇದ್ದದ್ದೂ ಕಮ್ಮಿ. ಅದಕ್ಕೇ ಈಗ ನಂದಿಯ ತಿರುವುಗಳಲ್ಲಿ ಅವನು ಎರಡನೇ ಗೇರಿನಿಂದ ಒಂದಕ್ಕೆ ಇಳಿಯುತ್ತಾನೆ. ಇಳಿದಾಗ ಸದ್ದು ಇನ್ನೂ ಜಾಸ್ತಿ, ಆದ್ದರಿಂದ ಬೇಜಾರಿಲ್ಲ.

ಪರೀಕ್ಷೆಯೂ ನಡೆಯಿತು. ಶಿಡ್ಲಘಟ್ಟ ರಸ್ತೆಯ ನೇರ ಜಾಗದಲ್ಲಿ ಸ್ನೇಹಿತ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತ. ಪೈಪಿಗೆ ಮೊದಲಿನ ಟೈಮಿಗೂ ನಂತರದ ಟೈಮಿಗೂ ವ್ಯತ್ಯಾಸ ಕಾಣಲಿಲ್ಲ. ಸ್ನೇಹಿತನ ಹೆಬ್ಬೆರಳು ನಿಧಾನ ಎಂದು ತೀರ್ಮಾನವಾಯಿತು.

ಹೊಗೆಯ ಸದ್ದು ಅಡಗಿಸಿದವರ ಚರಿತ್ರೆಯಲ್ಲಿ ಮ್ಯಾಕ್ಸಿಮ್ ಮನೆತನದ್ದೊಂದು ಅಧ್ಯಾಯವಿದೆ. ಅಪ್ಪ ಹೈರಮ್ ಮ್ಯಾಕ್ಸಿಮ್ 1884ರ ಹೊತ್ತಿಗೆ ಮೆಷಿನ್‌ಗನ್ ಮಾಡಿ, ಅದರ ಸದ್ದಿಗೇ ಕಿವಿ ಕಳೆದುಕೊಂಡವರು. ಮಗ ಹೈರಮ್ ಪರ್ಸಿ 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದು, ಅದೇ ಉಪಾಯವನ್ನು ಇಂಜಿನ್ನುಗಳಿಗೂ ಹೊಂದಿಸಿದರು. ಜಂಗಮಕೋಟೆಯ ಈ ಮನೆಯಲ್ಲಿ ಅದು ತಿರುಗುಮುರುಗಾಗಿದೆ. ಅಪ್ಪ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ಮೆಷಿನ್‌ಗನ್ ಮಗನದು.

ಇಂಜಿನ್ನಿನ ಕೊರಳಿಗೇ ಅಂಟಿಕೊಂಡಿದ್ದ ಕೆಟಲಿಟಿಕ್ ಕನ್ವರ್ಟರನ್ನೂ “ಉಸಿರು ಕಟ್ಟಿಸ್ತಿದೆ” ಎಂದು ಕಿತ್ತು ಗುಜರಿಗೆ ಹಾಕಿದ. ನಾಲ್ಕು ಮಹಾನಗರಗಳಲ್ಲಿ 1995ರಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಈ ಡಬ್ಬಿಯೊಳಗೆ ಜೇನುಗೂಡಿನ ಹಾಗೆ ತೂತುಗಳು, ಅವುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ವಿಷಗಾಳಿಯನ್ನು ಪಳಗಿಸುವ ಕೆಲಸ ಆ ಲೇಪದ್ದು. ಗುಜರಿಯವನು ಡಬ್ಬಿಯನ್ನು ಕಬ್ಬಿಣದ ತೂಕದಲ್ಲಿ ಕೊಂಡ. ಕೊಂಡವನ ಮುಖದಲ್ಲಿ ಯಾಕೆ ಅಷ್ಟು ಕಳೆ ಎಂದು ಮಾರಿದವನು ಯೋಚಿಸಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಅದರ ಮೇಲೆ ಕರಿ ಇನ್ಸುಲೇಷನ್ ಟೇಪು ಅಂಟಿಸಿ ರಿಪೇರಿ ಮುಗಿಸಿದ.

ಕಾನೂನಿನ ಕಿವಿ ಬೇರೆ ಥರದ್ದು. 2005ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಸಾಧಾರಣ ಕಾರು ವೇಗ ಏರಿಸುತ್ತಾ ಹಾದುಹೋಗುವಾಗ 7.5 ಮೀಟರ್ ದೂರದ ಮೈಕಿನಲ್ಲಿ 74 ಡೆಸಿಬೆಲ್ ದಾಟಬಾರದು. ಡೆಸಿಬೆಲ್ ಹತ್ತು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು. ನಮ್ಮವನೂ ಮೊಬೈಲಿನಲ್ಲಿ ಅಳೆಯುತ್ತಾನೆ, ಆದರೆ ಮೊಬೈಲನ್ನು ಪೈಪಿನ ಬಾಯಿಗೇ ಹಿಡಿದು, “ನೂರು ದಾಟ್ತು ಮಗಾ!” ಎಂದು ಪಾಸಾದವನ ಸಂಭ್ರಮದಲ್ಲಿ. ಕಂಪನಿ ಕೊಟ್ಟ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಶಬ್ದ, ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೇಲೆ 3 ತಿಂಗಳು ಡಿಎಲ್ ಇಲ್ಲ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಬೈಕ್ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ವಿಡಿಯೊಗಳನ್ನು ಇವನು ಪೂರ್ತಿ ನೋಡಲಾರ. ಮನಸ್ಸು ಮೆದು.

ಹಾಗಾಗಿ ಚೆಕಿಂಗ್ ಇರುವ ಕಡೆ ಅವನದೊಂದು ಉಪಾಯ. ದೂರದಿಂದಲೇ ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಇಳಿಜಾರಿಗೆ ಗಾಡಿ ಬಿಟ್ಟು, ಕೈ ಮುಗಿಯುತ್ತಾ ಜಾರಿಕೊಂಡು ಹೋಗುವುದು. ಒಂದು ಸಂಜೆ ಪೇದೆ ಲಾಠಿ ಅಡ್ಡ ಹಿಡಿದರು. ಇಷ್ಟು ಹೊತ್ತು ಹೋದ ಗಾಡಿಗಳೆಲ್ಲ ಸದ್ದು ಮಾಡಿಕೊಂಡೇ ಹೋದವು, ನೀನೊಬ್ಬ ಯಾಕಪ್ಪ ಮಾಡಲಿಲ್ಲ ಎಂದು ಅವರ ಪ್ರಶ್ನೆ. ಸ್ಟಾರ್ಟ್ ಮಾಡು ಅಂದರು. ಮಾಡಿದ. ರಶೀದಿ ಪುಸ್ತಕ ಹೊರಗೆ ಬಂತು.

ಮನೆಯಲ್ಲಿ ಬೇರೆಯದೇ ನ್ಯಾಯಾಲಯ. ಅಜ್ಜಿ ಮೊದಲ ದಿನ ಓಡಿಬಂದು, “ಏಮಿರಾ, ಬಂಡಿ ಪಗಿಲಿಪೋಯಿಂದಾ?” ಎಂದು ಗಾಬರಿಯಾದರು. ಈ ಸೀಮೆಯಲ್ಲಿ ಹೆದರಿಕೆ ತೆಲುಗಿನಲ್ಲೇ ಹೊರಡುತ್ತದೆ. ಬಂಡಿ ಒಡೆದಿಲ್ಲ, ದುಡ್ಡು ಕೊಟ್ಟು ಮಾಡಿಸಿದ್ದು ಎಂದಾಗ ಅವರ ಗಾಬರಿ ಇನ್ನಷ್ಟಾಯಿತು. ಅಪ್ಪನ ಲೋಕ ಹುಳುಮನೆ. ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆಹುಳು ಸೊಪ್ಪಿಗೆ ಬಿದ್ದಾಗ ಒಳಗೆಲ್ಲ ತುಂತುರು ಮಳೆ ಹಿಡಿದಂಥ ಸದ್ದು. ಬಾಗಿಲಲ್ಲಿ ನಿಂತು ಅದನ್ನು ಕೇಳಿಯೇ ಮೇವು ಸಾಕೋ ಸಾಲದೋ ಎಂದು ಹೇಳುವ ಕಿವಿ ಅವರದು. ಮಗ ಬಂದ ಹೊತ್ತಿನಲ್ಲಿ ಆ ಲೆಕ್ಕ ತಪ್ಪುತ್ತದೆ. ಅವರು ಬೈಯುವುದಿಲ್ಲ. ಚಂದ್ರಿಕೆಗಳ ಹಿಂದೆ ಗೋಣಿಯಲ್ಲಿ ಸುತ್ತಿಟ್ಟಿರುವ ಕಂಪನಿ ಸೈಲೆನ್ಸರನ್ನು ಒಮ್ಮೆ ನೋಡುತ್ತಾರೆ, ಮಗನನ್ನು ಒಮ್ಮೆ ನೋಡುತ್ತಾರೆ.

ಕಾರಿನೊಳಗಿನ ಸುಖ ಕೇಳುವುದೇ ಬೇಡ. ಎಂಬತ್ತರ ವೇಗದಲ್ಲಿ ಇಡೀ ಕಾರು ಗುಂಯ್ ಎಂದು ಹಿಡಿದುಕೊಳ್ಳುತ್ತದೆ, ಹಾಡು ಕೇಳಿಸುವುದಿಲ್ಲ. ಅದಕ್ಕೆ ಡಿಕ್ಕಿಯಲ್ಲಿ ದೊಡ್ಡ ಊಫರ್ ಬಂತು, ಊಫರಿಗೆ ಆಂಪ್ಲಿಫೈಯರು, ಅದಕ್ಕೆ ದೊಡ್ಡ ಬ್ಯಾಟರಿ. ಹೆಣ್ಣು ನೋಡಲು ಕೋಲಾರದ ಕಡೆ ಹೋದಾಗ ಬೀದಿಯ ತುದಿಯಲ್ಲೇ ಕಾರು ನಿಲ್ಲಿಸಿ ನಡೆದು ಹೋದರು. ಅಷ್ಟಾದರೂ ಹುಡುಗಿಯ ಅಣ್ಣ ಹೊರಗೆ ಬಂದು, “ಎಷ್ಟು ಇಂಚು ಪೈಪು?” ಅಂದ. ಸಂಬಂಧ ಕೂಡಲಿಲ್ಲ, ಭಾವಮೈದುನರಾಗಬೇಕಿದ್ದವರ ಸ್ನೇಹ ಮಾತ್ರ ಗಟ್ಟಿಯಾಯಿತು.

ಬಿಎಂಡಬ್ಲ್ಯು 2011ರ ಎಂ5 ಕಾರಿನಲ್ಲಿ ಇಂಜಿನ್ನಿನ ಸದ್ದನ್ನು ಸ್ಪೀಕರಿನಿಂದಲೂ ಒಳಗೆ ಕೇಳಿಸಲು ಶುರು ಮಾಡಿತು ಎಂದು ಆ ಸ್ನೇಹಿತನೇ ಹೇಳಿದ್ದು. ಬ್ಯಾಟರಿ ಕಾರುಗಳು ನಿಧಾನಕ್ಕೆ ಹೋಗುವಾಗ ಸದ್ದೇ ಬರುವುದಿಲ್ಲವೆಂದು ಯುರೋಪಿನಲ್ಲಿ 2019ರಿಂದ ಕಾನೂನು ಮಾಡಿ ಕೃತಕ ಸದ್ದು ಹಾಕಿಸುತ್ತಿದ್ದಾರೆ ಎಂಬುದನ್ನೂ ಅವನೇ ಹೇಳಿದ. ನಮ್ಮವನು ಒಂದು ದಿನವೆಲ್ಲ ಮಂಕಾಗಿದ್ದ. ಇಲ್ಲಿ ದಂಡ, ಅಲ್ಲಿ ಕಡ್ಡಾಯ!

ಕೊನೆಗೆ ಕಾರು ಮಾರಾಟಕ್ಕಿಟ್ಟದ್ದು ಪೆಟ್ರೋಲಿನ ದೆಸೆಯಿಂದ. ಮೊದಲು ಬಂದವರು ಬೆಂಗಳೂರಿನ ಸಾಫ್ಟ್‌ವೇರ್‌ನವರು; ಹಳದಿ ದೀಪದ ಮೇಲಿನ ಟೇಪು ಕಿತ್ತು ನೋಡಿ, ಕನ್ವರ್ಟರ್ ಎಲ್ಲಿ ಎಂದು ಕೇಳಿ, ಹೊಸದರ ಬೆಲೆಯನ್ನು ಕಾರಿನ ಬೆಲೆಯಲ್ಲಿ ಕಳೆದು ಹೇಳಿದರು. ಅಪ್ಪ ಆ ಮೊತ್ತ ಕೇಳಿ ಅಂದಿನ ಪಾಲಿನ ನಾಲ್ಕೂ ಮಾತನ್ನು ಒಟ್ಟಿಗೇ ಆಡಿಬಿಟ್ಟರು. ಎರಡನೆಯವನು ಚಿಂತಾಮಣಿ ಕಡೆಯ ಹುಡುಗ. ಬಾನೆಟ್ ಎತ್ತಲಿಲ್ಲ, ಟೈರು ಮುಟ್ಟಲಿಲ್ಲ, ಆರ್‌ಸಿ ಕೇಳಲಿಲ್ಲ. ನೇರ ಸೀಟಿಗೆ ಕೂತು ಆಕ್ಸಿಲರೇಟರ್ ತಳಕ್ಕೆ ಒತ್ತಿದ. ಕ್ರಾಸಿನ ಬೆಂಚುಗಳೆರಡೂ ಮಾತು ನಿಲ್ಲಿಸಿ ಇತ್ತ ತಿರುಗಿದವು. ಹುಡುಗ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, ತಲೆ ಓರೆ ಮಾಡಿದ.

“ಸೌಂಡು ಒಂಚೂರು ಕಮ್ಮಿ ಅನ್ಸಲ್ವಾ ಅಣ್ಣಾ?”