ಬಳಸುವ ಮುನ್ನ ಓದಿ

ಹೊಸ ಮಿಕ್ಸಿ ತಂದರೆ ಜೊತೆಯಲ್ಲೊಂದು ಕೈಪಿಡಿ ಬರುತ್ತದೆ. ಏಳೆಂಟು ಭಾಷೆಗಳಲ್ಲಿ ಅಚ್ಚಾಗಿರುತ್ತದೆ. ಅದರಲ್ಲಿ ಕನ್ನಡವೂ ಇರುತ್ತದೆ, ಯಾವ ಊರಿನವರೂ ಆಡದಂಥ ಕನ್ನಡ. ಆದರೂ ಅದಕ್ಕೊಂದು ನಿಯತ್ತಿದೆ. ಜಾರನ್ನು ಕಂಠಮಟ್ಟ ತುಂಬಬೇಡಿ, ಬಿಸಿ ಸಾರು ಸುರಿಯಬೇಡಿ, ಸುರಿದರೆ ನಾವು ಹೊಣೆಯಲ್ಲ ಅಂತ ಮೊದಲೇ ಹೇಳಿಬಿಡುತ್ತದೆ. ಪುಸ್ತಕದ ಜೊತೆ ಅಂಥದ್ದೇನೂ ಬರುವುದಿಲ್ಲ. ಬರುವುದು ಮುನ್ನುಡಿ, ಬೆನ್ನುಡಿ. ಎರಡನ್ನೂ ಬರೆದವರು ಲೇಖಕರ ಸ್ನೇಹಿತರು. ಮಿಕ್ಸಿಯ ಕೈಪಿಡಿಯನ್ನೂ ಮಿಕ್ಸಿಯ ಸ್ನೇಹಿತರೇ ಬರೆದಿದ್ದರೆ ‘ಈ ಯಂತ್ರವು ರುಬ್ಬುವಿಕೆಯ ಹೊಸ ಸಾಧ್ಯತೆಗಳನ್ನು ಶೋಧಿಸುತ್ತದೆ’ ಅಂತಿರುತ್ತಿತ್ತು. ಚಟ್ನಿ ನುಣ್ಣಗಾಗುತ್ತದೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ನಾನು ಬ್ಯಾಂಕಿನಿಂದ ರಿಟೈರ್ ಆಗಿ ಒಂದೂವರೆ ವರ್ಷ. ಅಷ್ಟರಲ್ಲಿ ಆತ್ಮಕಥೆ, ಪ್ರೇಮ ಕಾದಂಬರಿ, ಕವನ ಸಂಕಲನ ಈ ಮೂರು ಬಗೆಯ ಉಪಕರಣಗಳನ್ನು ಮನೆಯಲ್ಲಿ ಯಥೇಚ್ಛ ಬಳಸಿದ್ದೇನೆ. ಕೆಲವಕ್ಕೆ ಸುಟ್ಟ ವಾಸನೆ ಬಂತು, ಕೆಲವು ಇನ್ನೂ ಓಡುತ್ತಿವೆ. ಮುಂದಿನ ಬಳಕೆದಾರರಿಗೆ ಉಪಯೋಗವಾಗಲಿ ಎಂದು ಈ ಕೈಪಿಡಿ.

ಆತ್ಮಕಥೆ: ಅಳವಡಿಸುವ ಕ್ರಮ

ಮೊದಲು ಸುರಕ್ಷತೆಯ ಮಾತು. ಲೇಖಕರು ಪರಿಚಯದವರಾಗಿದ್ದರೆ ಪುಸ್ತಕವನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಮುನ್ನ ಎರಡು ಸಲ ಯೋಚಿಸಿ. ನಾನು ಯೋಚಿಸಲಿಲ್ಲ. ನಮ್ಮ ಹಳೆಯ ಮ್ಯಾನೇಜರೊಬ್ಬರು ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದ ಆತ್ಮಕಥೆಯನ್ನು ‘ಪ್ರೀತಿಯ ಓದಿಗೆ’ ಎಂದು ಬರೆದು, ಕೆಳಗೆ ತಾರೀಖು ಹಾಕಿ ಕೊಟ್ಟರು. 412 ಪುಟ, ನಡುವೆ ಹದಿನಾರು ಪುಟ ಬಣ್ಣದ ಫೋಟೋ. ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಫೋನು.

‘ಎಲ್ಲಿಗೆ ಬಂತಮ್ಮಾ?’

‘ನೂರಾ ನಲವತ್ತಕ್ಕೆ ಬಂದಿದೀನಿ ಸರ್.’

‘ಹಾಗಾದ್ರೆ ನನಗೆ ಸಾಗರಕ್ಕೆ ಟ್ರಾನ್ಸ್‌ಫರ್ ಆಗಿದೆ.’

‘ಆಗಿದೆ ಸರ್.’

‘ಮುಂದೆ ಇದೆ ನೋಡಿ ಮಜಾ.’

ಮುಂದೆ ಇದ್ದದ್ದು ಸಾಗರದಿಂದ ಶಿಕಾರಿಪುರಕ್ಕೆ ಟ್ರಾನ್ಸ್‌ಫರ್.

ಆತ್ಮಕಥೆ ಯಾರದ್ದೇ ಇರಲಿ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಪುಸ್ತಕದಲ್ಲಿ ಅಡುಗೆ ಮಾಡಿದವರು ಕಾಣಿಸಿಕೊಂಡ ಕಡೆಯೆಲ್ಲ ಅಂಚಿನಲ್ಲಿ ಸಣ್ಣದಾಗಿ ‘ಅ’ ಎಂದು ಬರೆಯಿರಿ. ಊಟ ಮಾಡಿದ ಪ್ರಸ್ತಾಪ ಎಷ್ಟು ಸಲ ಬಂದಿದೆ, ‘ಅ’ ಎಷ್ಟು ಬಿದ್ದಿದೆ, ತಾಳೆ ಹಾಕಿ. ಮೂವತ್ತೆಂಟು ವರ್ಷ ಕ್ಯಾಷು ಟ್ಯಾಲಿ ಮಾಡಿದವಳು ನಾನು. ಇಂಥ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ನಿದ್ದೆ ಬರುವುದಿಲ್ಲ. ಮ್ಯಾನೇಜರ್ ಸರ್ ಪುಸ್ತಕದಲ್ಲಿ ಊಟ, ತಿಂಡಿ, ಕಾಫಿ ಸೇರಿ ಅರವತ್ತೊಂದು ಸಲ. ‘ಅ’ ಎರಡು.

ಈ ಪೆನ್ಸಿಲ್ಲನ್ನು ದೊಡ್ಡವರ ಪುಸ್ತಕಗಳ ಮೇಲೂ ಆಡಿಸಿದೆ. ಆಗ ಗೊತ್ತಾಯಿತು, ಗಾತ್ರಕ್ಕೂ ತೂಕಕ್ಕೂ ಸಂಬಂಧವಿಲ್ಲ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಮೊದಲ ಭಾಗ ಬಂದದ್ದು 1996ರಲ್ಲಿ, ಬಸ್ಸಿನಲ್ಲಿ ಕೂತು ಮುಗಿಸಬಹುದಾದಷ್ಟು ತೆಳ್ಳಗೆ. ಅದರಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಹೊಲ ಉಳುಮೆ ಮಾಡಿಸುವುದನ್ನು ಹುಡುಗನೊಬ್ಬ ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬರು ಅವನ ಅಪ್ಪ. ಇಷ್ಟನ್ನು ಹೇಳಿ ಲೇಖಕರು ಎದೆ ಬಡಿದುಕೊಳ್ಳುವುದಿಲ್ಲ, ಮುಂದಿನ ತಮಾಷೆಗೆ ಹೋಗಿಬಿಡುತ್ತಾರೆ. ನಗುತ್ತಿದ್ದ ನಮ್ಮ ಬಾಯಿ ಮಾತ್ರ ತೆರೆದದ್ದು ತೆರೆದೇ ಇರುತ್ತದೆ. ಸೂಚನೆ: ಇದನ್ನು ಊಟ ಮಾಡುತ್ತಾ ಓದಬಾರದು.

ಗಿರೀಶ್ ಕಾರ್ನಾಡರ ‘ಆಡಾಡತ ಆಯುಷ್ಯ’ವನ್ನು (2011) ಅರ್ಪಣೆಯ ಪುಟದಿಂದಲೇ ಓದಬೇಕು. ನಾವೆಲ್ಲ ಆ ಪುಟವನ್ನು ಹಾರಿಸುವವರು. ಅಲ್ಲಿ ಅಪ್ಪ ಅಮ್ಮನ ಪಾದ, ಗುರುಗಳ ಪಾದ ಬಿಟ್ಟರೆ ಬೇರೇನಿರುತ್ತದೆ? ಕಾರ್ನಾಡರು ಪುಸ್ತಕವನ್ನು ಅರ್ಪಿಸಿದ್ದು ಒಬ್ಬ ಡಾಕ್ಟರಿಗೆ. ಹೊಟ್ಟೆಯಲ್ಲಿದ್ದ ಮಗು ಬೇಡವೆಂದು ಅವರ ತಾಯಿ ಆ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋಗಿದ್ದರಂತೆ, ಡಾಕ್ಟರಮ್ಮ ಬರಲಿಲ್ಲ, ಕಾದು ಕಾದು ವಾಪಸು ಬಂದರಂತೆ. ಆ ಮಗು ಇವರು. ಒಬ್ಬರು ಸಮಯಕ್ಕೆ ಡ್ಯೂಟಿಗೆ ಬಾರದಿದ್ದರಿಂದ ಕನ್ನಡಕ್ಕೆ ‘ತುಘಲಕ್’ ಸಿಕ್ಕಿತು. ಇದನ್ನು ಮ್ಯಾನೇಜರ್ ಸರ್‌ಗೆ ಹೇಳಿದೆ. ‘ಅಂಥದ್ದನ್ನೆಲ್ಲ ಬರೆದ್ಕೋಬಾರದು’ ಅಂದರು.

ಬರೆದುಕೊಳ್ಳಬಾರದ್ದನ್ನು ಬಿಟ್ಟರೆ ಉಳಿಯುವುದು ಟ್ರಾನ್ಸ್‌ಫರ್ ಆರ್ಡರು. ತನ್ನ ಬಗ್ಗೆ ಬರೆಯಲು ಸಂಕೋಚವಾದರೆ ಡಿ.ವಿ.ಜಿ.ಯವರ ದಾರಿಯಾದರೂ ಇದೆ. ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ಅವರು ಬರೆದದ್ದು ಇತರರ ಬಗ್ಗೆ, ತಾವು ಬಾಗಿಲ ಪಕ್ಕ ನಿಂತುಕೊಂಡರು.

ಕೆಲವು ಆತ್ಮಕಥೆಗಳಿಗೆ ಎರಡು ಜಾರು. ಲಂಕೇಶರ ‘ಹುಳಿಮಾವಿನ ಮರ’ ಓದಿದವರು ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’ ಓದದೆ ಅಭಿಪ್ರಾಯ ಕೊಡಬಾರದು. ನಡುವೆ ಒಂದು ವಾರ ಬಿಡಿ, ಮೋಟಾರು ತಣ್ಣಗಾಗಲಿ. ಅದೇ ಮನೆ, ಅದೇ ವರ್ಷಗಳು. ಆತನ ಪುಸ್ತಕದಲ್ಲಿ ಊರು, ಜಗಳ, ಸಿಟ್ಟು, ಸಾಹಿತ್ಯ ಎಲ್ಲ ಮರದ ಹಾಗೆ ಬೆಳೆಯುತ್ತದೆ. ಆಕೆಯ ಪುಸ್ತಕದಲ್ಲಿ ಸೀರೆ ವ್ಯಾಪಾರ ಮಾಡಿ ಸಂಸಾರ ತೂಗಿಸಿದ ಹೆಂಗಸು ಕಾಣುತ್ತಾರೆ. ದೂರಿಲ್ಲ, ಹೊಗಳಿಕೆಯೂ ಇಲ್ಲ, ಹೇಳಬೇಕಾದ್ದನ್ನು ಹೇಳಿ ಮುಂದಕ್ಕೆ ಹೋಗುತ್ತಾರೆ. ಯಾವುದು ನಿಜ ಎಂದು ಕೇಳಬೇಡಿ. ಯಾವುದು ಹೆಚ್ಚು ಚೆಂದ ಎಂದು ಕೇಳಿದರೆ, ಭಾಷೆ ಆತನದು. ನಾನು ಎರಡನೇ ಸಲ ಓದಿದ್ದು ಆಕೆಯದು.

ಪ್ರೇಮ ಕಾದಂಬರಿ: ಬಿಡಿಭಾಗ ಕಾಣೆಯಾಗಿದ್ದರೆ

ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ಗೋಣಿಸೂಜಿಯಿಂದ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಇಡುತ್ತಿದ್ದರು. ಅಂಥದ್ದೊಂದು ಕಟ್ಟು ಹೋದ ದೀಪಾವಳಿಗೆ ಅಟ್ಟ ಗುಡಿಸುವಾಗ ಸಿಕ್ಕಿತು. ಹೆಸರಿದ್ದ ಮೊದಲ ಹಾಳೆಯೇ ಇಲ್ಲ. ಹದಿನಾಲ್ಕನೇ ಕಂತಿನ ಕೊನೆಗೆ ನಾಯಕ ಬಾಗಿಲು ದಢಾರನೆ ಹಾಕಿಕೊಂಡು ಹೋಗುತ್ತಾನೆ. ಹದಿನೈದನೇ ಕಂತು ಇಲ್ಲ, ಆ ವಾರ ಪಕ್ಕದ ಮನೆಯವರು ಒಯ್ದ ಪತ್ರಿಕೆ ವಾಪಸು ಬಂದಿರಲಾರದು. ಹದಿನಾರರಲ್ಲಿ ಅವನು ನಾಯಕಿಯ ಕೈ ಹಿಡಿದು ಕ್ಷಮೆ ಕೇಳುತ್ತಿದ್ದಾನೆ. ಯಾಕೆ ಹೋದ, ಯಾಕೆ ಬಂದ, ಗೊತ್ತಿಲ್ಲ. ಹಾಳೆ ತಿರುಗಿಸಿದರೆ ಹಿಂಬದಿಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿಯ ವಿಧಾನ, ಅದೂ ಉಪ್ಪು ಹಾಕುವಲ್ಲಿಗೆ ಕತ್ತರಿಸಿ ಹೋಗಿದೆ. ನಿಜ ಹೇಳುತ್ತೇನೆ, ಹದಿನೈದನೇ ಕಂತಿಲ್ಲದೆ ಕಥೆಗೇನೂ ನಷ್ಟವಾಗಲಿಲ್ಲ. ಉಪ್ಪಿನಕಾಯಿಗೆ ಆಯಿತು.

ಇಂಥ ಕಾದಂಬರಿಗಳ ಸಾಮಾನ್ಯ ದೋಷವೇ ಅದು: ನಡುವಿನ ಒಂದು ಕಂತು ಕಿತ್ತರೂ ಓಡುತ್ತವೆ. ಒಂದೇ ಒಂದು ಮಾತು ಆಡಿದ್ದರೆ ತೀರಿಹೋಗುತ್ತಿದ್ದ ತಪ್ಪು ತಿಳಿವಳಿಕೆಯನ್ನು ಇಪ್ಪತ್ತು ವಾರ ಎಳೆಯುತ್ತಾರೆ. ನಾಯಕ ಎತ್ತರ, ಶ್ರೀಮಂತ, ಮುಂಗೋಪಿ. ಅವನ ತಾಯಿಗೆ ಹೃದ್ರೋಗ. ಹಾಗಂತ ಎಲ್ಲವನ್ನೂ ರದ್ದಿಗೆ ಹಾಕುವ ಸಾಹಿತಿಗಳ ಮಾತನ್ನು ನಂಬಬೇಡಿ. ‘ನಮ್ಮನೆಯವಳು ಅಂಥದ್ದನ್ನ ಓದ್ತಾಳೆ’ ಅನ್ನುವವರ ಮನೆಯಲ್ಲೂ ಆ ಪುಸ್ತಕದ ಹಾಳೆ ಯಾವ ಕಡೆಯಿಂದ ಮಡಿಸಿದೆ ಅಂತ ನಾನು ನೋಡಿದ್ದೇನೆ.

ಅದೇ ಅಟ್ಟದ ಪೆಟ್ಟಿಗೆಯಲ್ಲಿ ತ್ರಿವೇಣಿಯವರ ‘ಬೆಳ್ಳಿಮೋಡ’ವೂ ಇತ್ತು. ಪ್ರೇಮ ಕಾದಂಬರಿ ಎಂದೇ ಹದಿನೇಳರಲ್ಲಿ ಓದಿ ಅತ್ತಿದ್ದೆ. ಈಗ ಓದಿದರೆ ಅದು ಲೆಡ್ಜರು. ನಾಯಕಿ ಇಂದಿರಾ ಒಬ್ಬಳೇ ಮಗಳು, ಆಸ್ತಿಯೆಲ್ಲ ಅವಳಿಗೆ ಅನ್ನುವವರೆಗೆ ಮೋಹನನಿಗೆ ಅವಳ ಮೇಲೆ ಪ್ರೀತಿ. ಆ ಮನೆಯಲ್ಲಿ ಗಂಡು ಮಗು ಹುಟ್ಟಿದ ದಿನ ಪ್ರೀತಿಯ ಬ್ಯಾಲೆನ್ಸು ಸೊನ್ನೆ. ಆಮೇಲೆ ಅವನು ಬಿದ್ದು ಪೆಟ್ಟು ಮಾಡಿಕೊಂಡಾಗ ಅವಳೇ ಶುಶ್ರೂಷೆ ಮಾಡುತ್ತಾಳೆ. ಅವನಿಗೆ ಬುದ್ಧಿ ಬಂದು ಮದುವೆಯಾಗು ಅಂದಾಗ ಒಲ್ಲೆ ಅನ್ನುತ್ತಾಳೆ. ಹದಿನೇಳರಲ್ಲಿ ಅತ್ತದ್ದು ಈ ‘ಒಲ್ಲೆ’ಗೆ. ಈಗ ಅದೇ ಪುಟದಲ್ಲಿ ಎದ್ದು ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡೆ, ಸಂತೋಷಕ್ಕೆ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಅದನ್ನು ಸಿನಿಮಾ ಮಾಡಿದ ಮೇಲೆ ನಮಗೆಲ್ಲ ಇಂದಿರಾ ಅಂದರೆ ಕಲ್ಪನಾ; ಪುಸ್ತಕ ಓದುವಾಗ ಆ ಸೆರಗನ್ನು ಸ್ವಲ್ಪ ಬದಿಗೆ ಸರಿಸಿಕೊಳ್ಳಬೇಕು.

ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ಹೋದರು. ಅದೇ ವರ್ಷ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂತು, ಅವರಿಗಾಗ ನಲವತ್ತೈದು ದಾಟಿತ್ತು. ಇಬ್ಬರೂ ಆತ್ಮಕಥೆಯ ಹೆಸರಿನಲ್ಲಿ ಬರೆಯದೆಯೇ ಬಾಣಂತಿ ಕೋಣೆ, ಅಡುಗೆಮನೆ, ಹಿತ್ತಲು ಎಲ್ಲವನ್ನೂ ಬರೆದರು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಹುಚ್ಚಾಸ್ಪತ್ರೆಯಿಂದ ವಾಸಿಯಾಗಿ ಬಂದ ಮೇಲೂ ಮನೆಯವರು ಅವಳನ್ನು ನೋಡುವ ನೋಟ ಇದೆಯಲ್ಲ, ಅದು ಯಾವ ಮಹನೀಯರ ನೆನಪಿನ ಸಂಪುಟದಲ್ಲೂ ನನಗೆ ಸಿಕ್ಕಿಲ್ಲ. ನನ್ನ ಪೆನ್ಸಿಲ್ಲಿಗೆ ಇಲ್ಲಿ ಕೆಲಸವೇ ಇರಲಿಲ್ಲ. ಎಲ್ಲ ಪುಟವೂ ‘ಅ’.

ಕವಿತೆ: ಒಳಗಿಂದ ಸದ್ದು ಬರುತ್ತಿದ್ದರೆ

ಕನ್ನಡದ ಹಳೆಯ ಕವಿತೆ ತೆರೆದ ಕೂಡಲೇ ಒಳಗಿಂದ ಹಾರ್ಮೋನಿಯಂ, ತಬಲಾ ಕೇಳಿಸಿದರೆ ಗಾಬರಿಯಾಗಬೇಡಿ, ಅದು ತಯಾರಿಕೆಯ ದೋಷವಲ್ಲ. 1978ರಲ್ಲಿ ‘ನಿತ್ಯೋತ್ಸವ’ದ ಕ್ಯಾಸೆಟ್ ಬಂದಂದಿನಿಂದ ನಮ್ಮ ಕವಿಗಳನ್ನು ನಾವು ಕಣ್ಣಿನಿಂದ ಓದಿಲ್ಲ, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಗಂಟಲಿನಿಂದ ಓದಿದ್ದೇವೆ. ಅವರಿಗೆ ಕೈ ಮುಗಿಯುತ್ತೇನೆ. ಆದರೆ ರಾಗ ಕವಿತೆಗೆ ಅಂಟಿಕೊಂಡರೆ ಹಾಲಿನ ಪಾತ್ರೆಯ ತಳದ ಹಾಗೆ, ಕೆರೆಯದೆ ಬಿಡುವುದಿಲ್ಲ.

ಬಿಡಿಸುವ ವಿಧಾನ: ಕವಿತೆಯನ್ನು ಕೊನೆಯ ಪದ್ಯದಿಂದ ಹಿಂದಕ್ಕೆ ಓದಿ. ಅಥವಾ ಪಾಸ್‌ಬುಕ್ ಓದುವ ದನಿಯಲ್ಲಿ ಗಟ್ಟಿಯಾಗಿ ಓದಿ. ನಾನು ಕೆ.ಎಸ್. ನರಸಿಂಹಸ್ವಾಮಿಯವರ ಅಕ್ಕಿ ಆರಿಸುವ ಹುಡುಗಿಯ ಕವಿತೆಯನ್ನು ಹಾಗೆ ಓದಿದೆ. ಎಷ್ಟೋ ಮದುವೆ ಮನೆಗಳಲ್ಲಿ ಕೇಳಿದ್ದು, ನಾನೂ ತಲೆದೂಗಿದ್ದು. ರಾಗ ಕಳಚಿದ ಮೇಲೆ ನೋಡುತ್ತೇನೆ, ಆ ಹುಡುಗಿಯ ಬೆರಳಲ್ಲಿ ಚಿನ್ನವಿಲ್ಲ, ಅವಳ ಮನಸ್ಸು ಮೊರದಲ್ಲಿಲ್ಲ. ಅದು ಸಂಭ್ರಮದ ಹಾಡೇ ಅಲ್ಲ! ಮದುವೆ ಮನೆಯಲ್ಲಿ ಅದನ್ನು ಹಾಡಿಸಿ ನಾವು ಹೋಳಿಗೆ ತಿಂದಿದ್ದೇವೆ. 1942ರಲ್ಲಿ ‘ಮೈಸೂರ ಮಲ್ಲಿಗೆ’ ಬರೆದವರನ್ನು ಪ್ರೇಮಕವಿ ಎಂದು ಒಂದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದುಬಿಟ್ಟೆವು. ಮೊರದ ಮುಂದೆ ಕೂತವಳ ಬೆರಳನ್ನು ಅಷ್ಟು ಹತ್ತಿರದಿಂದ ನೋಡಿದ ಗಂಡಸು ಅವರು ಅನ್ನುವುದನ್ನು ಮರೆತೆವು.

ಬೇಂದ್ರೆಯವರ ‘ನಾಕುತಂತಿ’ಗೆ ನನ್ನ ಬಳಿ ಸೂಚನೆ ಇಲ್ಲ. ಮೂರು ಸಲ ಪ್ಲಗ್ ಹಾಕಿದೆ, ಮೂರು ಸಲವೂ ದೀಪ ಹತ್ತಿತು, ಯಂತ್ರ ತಿರುಗಲಿಲ್ಲ. ತಪ್ಪು ನಮ್ಮ ಮನೆಯ ಕರೆಂಟಿನದು. ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ಕ್ಕೆ 2015ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕೊಂಡದ್ದು, ಈಗ ಓದಿದೆ. ಅದನ್ನು ಮೊದಲಿನಿಂದ ಕೊನೆಗೆ ಓದುವ ಹಟ ಬೇಡ. ಎಲ್ಲಿ ತೆರೆಯುತ್ತದೋ ಅಲ್ಲಿ ಕೂತು, ಬೇಸರವಾದ ಕಡೆ ಎದ್ದು ಬನ್ನಿ.

ಇನ್ನು ಪರಿಚಿತರ ಕವನ ಸಂಕಲನಗಳು. ‘ಮುಖಪುಟ ತುಂಬಾ ಚೆನ್ನಾಗಿದೆ’ ಅನ್ನಿ. ಅದನ್ನು ಬರೆದವರು ಬೇರೆಯವರು.

ದೂರು ದಾಖಲಿಸುವುದು

ನಾನೂರ ಹನ್ನೆರಡನೇ ಪುಟ ಮುಗಿದ ಭಾನುವಾರ ನಾನೇ ಫೋನ್ ಮಾಡಿದೆ. ಪ್ರಾಮಾಣಿಕವಾಗಿ ಹೇಳಬೇಕು ಎಂದು ಚೀಟಿಯಲ್ಲಿ ಮೂರು ಅಂಶ ಬರೆದಿಟ್ಟುಕೊಂಡಿದ್ದೆ. ಸರ್ ವಾಕಿಂಗ್ ಹೋಗಿದ್ದರು. ಎತ್ತಿದ್ದು ಅವರ ಹೆಂಡತಿ.

‘ಪುಸ್ತಕ ಮುಗೀತೇನಮ್ಮಾ? ನಾನಿನ್ನೂ ಓದಿಲ್ಲ. ಅಕ್ಷರ ಸಣ್ಣದು, ನನ್ನ ಕನ್ನಡಕ ಬೇರೆ ಸರಿಯಿಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಅದ್ರಲ್ಲಿ ನಾನು ಎಲ್ಲಾದ್ರೂ ಬರ್ತೀನಾ?’

‘ಬರ್ತೀರಮ್ಮ. ಐವತ್ತೇಳನೇ ಪುಟದಲ್ಲಿ ಕಾಫಿ ತರ್ತೀರ. ಇನ್ನೂರ ಮೂವತ್ತರಲ್ಲಿ ಚಕ್ಲಿ ಕರೀತೀರ.’

‘ಇರಮ್ಮ, ಬರ್ಕೋತೀನಿ’ ಅಂದರು. ಆ ಕಡೆ ಪೆನ್ನು ಹುಡುಕುವ ಸದ್ದು. ‘ಐವತ್ತೇಳು... ಇನ್ನೊಂದು ಎಷ್ಟಂದೆ?’