ಥೋರೋ ಪಾಠ ಹೇಳುವ ಗುರುಗಳಿಗೆ ಒಂದು ಬಹಿರಂಗ ಪತ್ರ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ಗುರುಗಳೇ,



ಅಮೆರಿಕದ ಹಳೆಯ ಸಾಹಿತ್ಯವೆಂದರೆ ನಮ್ಮ ಹುಡುಗ ಹುಡುಗಿಯರಿಗೆ ಹತ್ತು ಅಂಕದ ಪ್ರಶ್ನೆ. ಎಮರ್ಸನ್, ಥೋರೋ, ಹಾಥಾರ್ನ್, ಮೆಲ್ವಿಲ್, ವಿಟ್ಮನ್ ಎಂದು ಹೆಸರು ಬಾಯಿಪಾಠ ಮಾಡುತ್ತಾರೆ, ಗೈಡಿನ ಉತ್ತರ ಬರೆಯುತ್ತಾರೆ, ಪಾಸಾಗುತ್ತಾರೆ. ಆ ಬರಹಗಳಿಗೂ ಘಟಪ್ರಭೆಯ ದಂಡೆಯ ತಮ್ಮ ಊರಿಗೂ ಸಂಬಂಧವಿದೆ ಎಂಬುದು ಮಾತ್ರ ಅವರ ಕಿವಿಗೆ ಬೀಳುವುದೇ ಇಲ್ಲ. ಈ ಮಾತು ನನ್ನನ್ನು ಬಹಳ ನೋಯಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗುಲಾಮಗಿರಿಯನ್ನು ಕಾಪಾಡುವ, ಮೆಕ್ಸಿಕೋ ಮೇಲೆ ದಂಡೆತ್ತಿ ಹೋದ ಸರ್ಕಾರಕ್ಕೆ ತಲೆಗಂದಾಯ ಕಟ್ಟಲಾರೆ ಎಂದ ಹೆನ್ರಿ ಡೇವಿಡ್ ಥೋರೋ 1846ರ ಜುಲೈನಲ್ಲಿ ತನ್ನೂರು ಕಾನ್‌ಕಾರ್ಡ್‌ನ ಜೈಲಿನಲ್ಲಿ ಒಂದು ರಾತ್ರಿ ಕಳೆದ. ಯಾರೋ ಅವನ ಪರವಾಗಿ ಬಾಕಿ ತೀರಿಸಿದ್ದರಿಂದ ಮರುದಿನವೇ ಹೊರಗೆ ಬಂದ. ಆ ರಾತ್ರಿಯ ನೆನಪನ್ನೂ ಒಳಗೊಂಡು ಅವನು ಬರೆದ ಪ್ರಬಂಧ 1849ರಲ್ಲಿ ಅಚ್ಚಾಯಿತು. 1907ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾದ ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಓದುಗರಿಗೆ ಅದರ ಪರಿಚಯ ಮಾಡಿಕೊಟ್ಟರು. ಇಲ್ಲೊಂದು ಎಚ್ಚರ ಬೇಕು. ಸತ್ಯಾಗ್ರಹ ಥೋರೋನಿಂದಲೇ ಹುಟ್ಟಿತೆಂದು ದಯವಿಟ್ಟು ಹೇಳಬೇಡಿ. ಹೋರಾಟ 1906ರಲ್ಲೇ ಆರಂಭವಾಗಿತ್ತು, ಪ್ರಬಂಧ ಕೈಸೇರಿದ್ದು ಆಮೇಲೆ ಎಂದು ಗಾಂಧೀಜಿಯೇ ತಿಳಿಸಿದ್ದಾರೆ. ತಾವು ಹಿಡಿದ ದಾರಿ ಸರಿ ಎಂಬ ಭರವಸೆ ಅವರಿಗೆ ಅದರಲ್ಲಿ ಸಿಕ್ಕಿತು. 1942ರ ಆಗಸ್ಟ್‌ನಲ್ಲಿ, ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ಕೆಲವೇ ದಿನ ಮೊದಲು, ಅಮೆರಿಕದ ಸ್ನೇಹಿತರಿಗೆ ಬರೆದ ಪತ್ರದಲ್ಲಿ ಅವರು ಥೋರೋನನ್ನು ಗುರು ಎಂದು ನೆನೆದರು.

ಆ ಚಳವಳಿಯಲ್ಲಿ ಸೆರೆಮನೆ ಸೇರಿದವರಲ್ಲಿ ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರೂ ಒಬ್ಬರು. ಹುಟ್ಟಿದ್ದು 1919ರಲ್ಲಿ, ಬಡತನದಿಂದ ಬಂದು ಪತ್ರಕರ್ತರಾದವರು. ತಾವು ಕಂಡ ಆ ಕಾಲವನ್ನು ‘ಮಾಡಿ ಮಡಿದವರು’ ಕಾದಂಬರಿಯಲ್ಲಿ ಇಟ್ಟರು. ಥೋರೋ ಕಳೆದದ್ದು ಒಂದೇ ರಾತ್ರಿ. ನಮ್ಮ ಹಳ್ಳಿಗಳ ಜನ ತಿಂಗಳುಗಟ್ಟಲೆ ಒಳಗಿದ್ದರು, ಮನೆ ಮಾರು ಕಳೆದುಕೊಂಡರು. ಅನ್ಯಾಯದ ಕಾನೂನಿಗೆ ತಲೆಬಾಗಬೇಕೇ ಎಂದು ಅವನು ಕೇಳಿದ ಪ್ರಶ್ನೆಗೆ ಇಷ್ಟು ದೊಡ್ಡ ಬೆಲೆ ತೆತ್ತು ಉತ್ತರಿಸಿದವರು ನಿಮ್ಮ ವಿದ್ಯಾರ್ಥಿಗಳ ಅಜ್ಜ ಮುತ್ತಜ್ಜಂದಿರ ಕಾಲದವರು. ಅವರನ್ನು ಬಿಟ್ಟು ಆ ಪ್ರಬಂಧದ ಪಾಠ ಹೇಗೆ ಪೂರ್ತಿಯಾದೀತು?

ಹತ್ತಿಯ ಕತೆಯೂ ಇದೆ. ಥೋರೋ ವಿರೋಧಿಸಿದ ಗುಲಾಮಗಿರಿ ನಿಂತದ್ದು ಬಹುಪಾಲು ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳ ಹತ್ತಿ ಹೊಲಗಳ ಮೇಲೆ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಆ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು. ನಮ್ಮ ಎರೆಹೊಲಗಳಿಗೆ ಅಮೆರಿಕದ ಹತ್ತಿ ಬೀಜ ಅದಕ್ಕೂ ಮೊದಲೇ ಬಂದಿತ್ತು. ಮುಂದೆ 1887ರಲ್ಲಿ ಗೋಕಾಕ ಫಾಲ್ಸ್‌ನಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು. ಗಿರಣಿ ಕಾರ್ಮಿಕರ ಮನೆಯ ಮಕ್ಕಳು ನಿಮ್ಮ ಮುಂದೆ ಕೂತಿರುತ್ತಾರೆ. ಆ ಕಾಲದ ಅಮೆರಿಕವನ್ನು ಅವರಿಗಿಂತ ಬೇಗ ಅರ್ಥಮಾಡಿಕೊಳ್ಳುವವರು ಯಾರಿದ್ದಾರೆ?

ಹುಕ್ಕೇರಿಯ ಗುರುಗಳಿಗೆ ಇನ್ನೊಂದು ಮಾತು. ಯುರೋಪಿನ ನೆರಳಿನಿಂದ ಹೊರಬನ್ನಿ ಎಂದು ಎಮರ್ಸನ್ 1837ರಲ್ಲಿ ಹಾರ್ವರ್ಡ್‌ನಲ್ಲಿ ತನ್ನ ಜನರಿಗೆ ಹೇಳಿದ. 1855ರಲ್ಲಿ ವಿಟ್ಮನ್ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕವನ ಸಂಕಲನದಲ್ಲಿ ಅದನ್ನು ಮಾಡಿ ತೋರಿಸಿದ. ನಿಮ್ಮದೇ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಲಾವಣಿ, ಬಯಲಾಟಗಳ ನಡುವೆ ಬೆಳೆದು, ಬೆಳಗಾವಿ ಸೀಮೆಯ ಆಡುಮಾತಿನಲ್ಲೇ ‘ಹೇಳತೇನ ಕೇಳ’ ಕಾವ್ಯ ಬರೆದರು. ಷಿಕಾಗೋದಲ್ಲೂ ಪಾಠ ಹೇಳಿ ಬಂದರು. ಎರವಲು ದನಿಯನ್ನು ಬಿಟ್ಟು ಸ್ವಂತ ದನಿ ಹುಡುಕುವ ಕಷ್ಟ ಕಾಣುವಂತೆ ವಿಟ್ಮನ್, ಕಂಬಾರ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಓದಿಸಿದರೆ ಮಕ್ಕಳಿಗೆ ಎಮರ್ಸನ್ ತಾನಾಗಿ ತಿಳಿಯುತ್ತಾನೆ. ಮೂಡಲಗಿ ಸೀಮೆಯವರಿಗೆ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವಿದೆ. ಜನರ ನಾಲಿಗೆಯ ಮೇಲೆ ಬದುಕುವ ಕಾವ್ಯವನ್ನು ತೋರಿಸಲು ದೂರ ಹೋಗಬೇಕಿಲ್ಲ.

ನಾವು ಅಮೆರಿಕದಿಂದ ಬರೀ ಪಡೆದವರಲ್ಲ, ಕೊಟ್ಟವರೂ ಹೌದು. ವಾಲ್ಡನ್ ಕೊಳದ ದಂಡೆಯ ಗುಡಿಸಲಿನಲ್ಲಿ ಥೋರೋ ಭಗವದ್ಗೀತೆ ಓದುತ್ತಿದ್ದ, 1785ರ ವಿಲ್ಕಿನ್ಸ್ ಅನುವಾದದಲ್ಲಿ.

ಸಿಲೆಬಸ್ಸು, ಪ್ರಶ್ನೆಪತ್ರಿಕೆ ನಿಮ್ಮ ಕೈಯಲ್ಲಿಲ್ಲ ಎಂದು ನನಗೆ ಗೊತ್ತು. ತರಗತಿಯ ಒಂದು ತಾಸು ನಿಮ್ಮದೇ. ಈ ವರ್ಷ ಥೋರೋನ ಪ್ರಬಂಧ ತೆಗೆದ ವಾರವೇ ‘ಮಾಡಿ ಮಡಿದವರು’ ಕಾದಂಬರಿಯನ್ನೂ ಗ್ರಂಥಾಲಯದಿಂದ ತರಿಸಿ, ಕೆಲವು ಪುಟ ಗಟ್ಟಿಯಾಗಿ ಓದಿಸಿ. ಆಮೇಲೆ ಚರ್ಚೆ ಕನ್ನಡದಲ್ಲೇ ನಡೆಯಲಿ. ಕಂದಾಯ ಕಟ್ಟಲಾರೆ ಎಂದವನು ಮಾಡಿದ್ದು ಸರಿಯೇ ತಪ್ಪೇ ಎಂದು ಹಿಂದಿನ ಬೆಂಚಿನ ಹುಡುಗಿಯನ್ನು ಕೇಳಿ, ಅವಳು ಹೇಳಿ ಮುಗಿಸುವವರೆಗೆ ದಯವಿಟ್ಟು ಕಾಯಿರಿ.

ನಿಮ್ಮ ಸೀಮೆಯ ಒಬ್ಬ ಓದುಗ