ಮಗುವಿಗೆ ಸೀಸ ಉಣಿಸುವ ಕ್ರಮ

ಮೊದಲು ಮನೆ ಹುಡುಕಿ. ಚಾಮರಾಜಪೇಟೆಯ ವಠಾರವಾಗಲಿ, ಮೈಸೂರಿನ ಅಗ್ರಹಾರವಾಗಲಿ, ಮರದ ಬಾಗಿಲು, ಕಬ್ಬಿಣದ ಸರಳಿನ ಕಿಟಕಿ ಇರಬೇಕು, ಅವುಗಳ ಮೇಲೆ ಆಯಿಲ್ ಪೇಂಟು ಪದರ ಪದರವಾಗಿ ಕೂತಿರಬೇಕು. ಗೋಡೆಯ ಸುಣ್ಣವನ್ನು ನೆಚ್ಚಬೇಡಿ, ಅದರಿಂದ ನಮ್ಮ ಕೆಲಸ ಆಗುವುದಿಲ್ಲ. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದು ನೋಡಿ. ಮೇಲೆ ಬಿಳಿ, ಅದರಡಿ ಹಸಿರು, ಇನ್ನೂ ಅಡಿಗೆ ಹೊಳೆಯುವ ನಿಂಬೆ ಹಳದಿ ಸಿಕ್ಕರೆ ಅಡ್ವಾನ್ಸ್ ಕೊಟ್ಟುಬಿಡಿ. ಹಳದಿಗೆ ಆ ಕಳೆ ಬರಲೆಂದು ಸೀಸದ ಕ್ರೋಮೇಟ್ ಬೆರೆಸುತ್ತಿದ್ದ ಕಾಲದ ಮಾಲು ಅದಾಗಿರುವ ಸಂಭವ ಹೆಚ್ಚು.

ಕಾನೂನಿಗೆ ಹೆದರಬೇಡಿ. ಮನೆಗೆ ಬಳಿಯುವ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಆ ನಿಯಮ ಹೊಸ ಡಬ್ಬಿಗೆ. ತಾತನ ಕಾಲದ ಬಾಗಿಲನ್ನು ಯಾರೂ ಬಂದು ತಪಾಸಣೆ ಮಾಡುವುದಿಲ್ಲ.

ಇನ್ನು ಮುಹೂರ್ತ. ಬಾಣಂತಿ ತವರಿನಲ್ಲಿರುವಾಗಲೇ ಸುಣ್ಣಬಣ್ಣ ಮುಗಿಸಿದರೆ ಧೂಳೆಲ್ಲ ದಂಡ. ಮಗು ಅಂಬೆಗಾಲಿಡುವವರೆಗೆ ಕಾಯಿರಿ. ಗೌರಿ ಹಬ್ಬ ನಾಲ್ಕು ದಿನ ಇದೆ ಎನ್ನುವಾಗ ಪೇಂಟರನ್ನು ಕರೆಸಿ. "ನೀರು ಹಾಕ್ಕೊಂಡು ಉಜ್ಜಲಾ ಸಾರ್?" ಎಂದು ಕೇಳಿದರೆ, "ಹಬ್ಬ ಬಂದೇಬಿಡ್ತಲ್ಲಪ್ಪ, ಒಣಗೋದ್ಯಾವಾಗ? ಹಾಗೇ ಉಜ್ಜು" ಎನ್ನಿ. ಒಣ ಉಪ್ಪು ಕಾಗದ ಸಾಕು. ಬ್ಲೋ ಲ್ಯಾಂಪ್ ತಂದಿದ್ದರೆ ಇನ್ನೂ ಮೇಲು, ಸೀಸ ಹೊಗೆಯಾಗಿ ಮನೆಯಿಡೀ ಹಂಚಿಹೋಗುತ್ತದೆ. ಸೆಕೆ ಎಂದು ಫ್ಯಾನ್ ಹಾಕಿ. ಸಂಜೆ ಪೇಂಟರ್ ಒಂದಿಷ್ಟು ಪುಡಿಯನ್ನು ಅಂಗಿಯಲ್ಲೇ ತನ್ನ ಮಕ್ಕಳಿಗೂ ಒಯ್ಯುತ್ತಾನೆ. ಅದಕ್ಕೆ ಕೂಲಿ ಮುರಿದುಕೊಳ್ಳಬೇಡಿ, ನಾವು ಅಷ್ಟು ಸಣ್ಣವರಲ್ಲ.

ಒದ್ದೆ ಬಟ್ಟೆ ಮುಟ್ಟಬೇಡಿ, ಧೂಳು ಅದಕ್ಕೆ ಅಂಟಿಕೊಂಡು ಹೊರಟೇಹೋಗುತ್ತದೆ. ಪೊರಕೆ ಹಿಡಿದು ಜೋರಾಗಿ ಗುಡಿಸಿ. ನೆಲದಲ್ಲಿದ್ದದ್ದು ಎದ್ದು ಕಿಟಕಿ ಕಟ್ಟೆಯ ಮೇಲೆ ಕೂರುತ್ತದೆ. ಮಗುವಿನ ಠಿಕಾಣಿಯೂ ಅದೇ: ಸರಳು ಹಿಡಿದು ನಿಂತು ತರಕಾರಿ ಗಾಡಿ ನೋಡುತ್ತದೆ, ಹಲ್ಲು ಬರುವ ತುರಿಕೆಗೆ ಸರಳನ್ನೇ ಕಚ್ಚುತ್ತದೆ. ಬಿಡಿಸಬೇಡಿ. ಕೈ ತೊಳೆಸುವ ಅಭ್ಯಾಸವನ್ನಂತೂ ಮಾಡಿಸಲೇಬೇಡಿ. ನುಂಗಿದ ಸೀಸದಲ್ಲಿ ದೊಡ್ಡವರ ಮೈಗೆ ಹತ್ತುವುದು ಸುಮಾರು ಹತ್ತನೇ ಒಂದು ಪಾಲು, ಎಳೆ ಮಕ್ಕಳಿಗೆ ಹತ್ತಿರ ಹತ್ತಿರ ಅರ್ಧ. ಹೊಟ್ಟೆ ಖಾಲಿಯಿದ್ದು, ಮೈಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಹಾಗಾಗಿ ರಾಗಿ ಸರಿ, ಸೊಪ್ಪು ಬಿಡಿಸಿ ಬಿಸ್ಕತ್ತು ರೂಢಿ ಮಾಡಿಸಿ.

ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಡಾಕ್ಟರನ್ನು ಕೇಳಬೇಡಿ. ಇಷ್ಟರವರೆಗೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸುಮ್ಮನೆ ನಿದ್ದೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಹೊಟ್ಟೆನೋವು ಎಂದರೆ ಜಂತುಹುಳುವಿನ ಔಷಧಿ ಕುಡಿಸಿ. ಮಂಕಾದರೆ ದೃಷ್ಟಿ ತೆಗೆಯಿರಿ. ಶಾಲೆಗೆ ಸೇರಿದ ಮೇಲೆ ಒಂದು ಕಡೆ ಕೂರದಿದ್ದರೆ, ಲೆಕ್ಕ ತಲೆಗೆ ಹೋಗದಿದ್ದರೆ, "ಥೇಟ್ ಇವರ ಸೋದರಮಾವ" ಎಂದು ತೀರ್ಮಾನಿಸಿ ಟ್ಯೂಷನ್ನಿಗೆ ಹಾಕಿ. ರಕ್ತದಿಂದ ಸೀಸ ಇಳಿಸುವ ಔಷಧಿ ಇದೆ, ಮಿದುಳಿಗೆ ಆದ ಹಾನಿ ಅದರಿಂದ ಸರಿಹೋಗುವುದಿಲ್ಲ. ಈ ವಿಷಯವನ್ನು ಟ್ಯೂಷನ್ ಮೇಷ್ಟ್ರಿಗೆ ಹೇಳಬೇಡಿ, ಫೀಸು ಕಟ್ಟುತ್ತಿರಿ.

ಮನೆ ಖಾಲಿ ಮಾಡುವಾಗ ಓನರ್ ಪೇಂಟಿಂಗಿಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಜಗಳ ಆಡಬೇಡಿ. ಆ ದುಡ್ಡಿನಲ್ಲಿ ಅದೇ ಬಾಗಿಲನ್ನು ಮತ್ತೊಮ್ಮೆ ಒಣದಾಗಿ ಉಜ್ಜಿಸುತ್ತಾರೆ. ಹೊಸದಾಗಿ ಬರುವವರಿಗೆ ಕೂಸಿದೆಯೇ ಎಂದು ವಿಚಾರಿಸಿ, ಇದ್ದರೆ ಈ ಹಾಳೆಯನ್ನು ಬೀಗದ ಕೈ ಜೊತೆ ಅವರಿಗೆ ಕೊಟ್ಟು ಹೋಗಿ.